ಅಪ್‌ಡೇಟ್ ಈಗ್ಲೇ ಮಾಡ್ಬೇಕಾ, ನಾಲ್ಕು ದಿನ ಬಿಟ್ಟು ಮಾಡ್ಬೇಕಾ? ಬೇರೆಯವರ ಕೋಡ್ ನಂಬ್ಕೊಂಡು ಸೈಟ್ ಕಟ್ಟೋರಿಗೆ

2025ರ ಡಿಸೆಂಬರ್ 5, ಶುಕ್ರವಾರ. ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ, ಷೇರು ಮಾರ್ಕೆಟ್ ಇನ್ನೂ ನಡೀತಿರೋವಾಗ್ಲೇ, ಝೆರೋಧಾ, ಗ್ರೋ ಥರದ ಆ್ಯಪ್‌ಗಳು ಓಪನ್ ಆಗ್ದೆ ಜನ ಪರದಾಡಿದ್ರು. ತಪ್ಪು ಆ ಕಂಪನಿಗಳದ್ದಲ್ಲ, ಅವುಗಳ ಮುಂದೆ ಕಾವಲು ಕೂತಿರೋ ಕ್ಲೌಡ್‌ಫ್ಲೇರ್‌ದು, ಅದರ ನೆಟ್‌ವರ್ಕಿನ ಒಂದು ಭಾಗ ಸುಮಾರು 25 ನಿಮಿಷ ಮಲಗಿಬಿಡ್ತು. ಯಾಕೆ ಮಲಗ್ತು ಅಂತ ಅವತ್ತೇ ಕ್ಲೌಡ್‌ಫ್ಲೇರ್ ಬರೆದು ಹಾಕ್ತು: ಎರಡು ದಿನ ಮುಂಚೆ, ಸೈಟ್ ಕಟ್ಟೋಕೆ ಬಹಳ ಜನ ಬಳಸೋ ರಿಯಾಕ್ಟ್ ಅನ್ನೋ ಲೈಬ್ರರಿಯಲ್ಲಿ ಒಂದು ದೊಡ್ಡ ಲೋಪ ಬಯಲಾಗಿತ್ತು, ಅದರಿಂದ ಗಿರಾಕಿಗಳ ಸೈಟ್‌ಗಳನ್ನ ಕಾಪಾಡೋಕೆ ಅಂತ ತಮ್ಮ ಸಿಸ್ಟಮ್‌ನಲ್ಲಿ ಏನೋ ಬದಲಾಯಿಸ್ತಿದ್ರು, ಆ ಬದಲಾವಣೆಯೇ ಎಡವಟ್ಟಾಯ್ತು.

ಆ ವಾರ ರಿಯಾಕ್ಟ್ ಬಳಸೋ ಎಲ್ಲರಿಗೂ ಬಂದ ಬುದ್ಧಿಮಾತು ಒಂದೇ, ಈ ಕ್ಷಣವೇ ಅಪ್‌ಡೇಟ್ ಮಾಡಿ.

ಈಗ ಮೂರು ತಿಂಗಳು ಹಿಂದಕ್ಕೆ ಹೋಗಿ. ಸೆಪ್ಟೆಂಬರ್ 8, ಸೋಮವಾರ, ನಮ್ಮ ಸಮಯ ಸಂಜೆ ಆರೂಮುಕ್ಕಾಲರ ಸುಮಾರಿಗೆ ಚಾಕ್, ಡೀಬಗ್ ಅನ್ನೋವೂ ಸೇರಿ 18 ಪ್ಯಾಕೇಜ್‌ಗಳ, ಅಂದ್ರೆ ಬೇರೆಯವರು ಬರೆದಿಟ್ಟ ರೆಡಿ ಕೋಡ್‌ಗಳ, ಹೊಸ ವರ್ಶನ್ ಬಂತು. ಇವೆಲ್ಲ ಸೇರಿ ವಾರಕ್ಕೆ 200 ಕೋಟಿಗೂ ಜಾಸ್ತಿ ಸಲ ಡೌನ್‌ಲೋಡ್ ಆಗೋ ಸಾಮಾನುಗಳು. ಆ ಹೊಸ ವರ್ಶನ್‌ಗಳಲ್ಲಿ ವಿಷ, ಅಂದ್ರೆ ಕಳ್ಳರು ಸೇರಿಸಿದ ಕೋಡ್, ಇತ್ತು. ಅವತ್ತು ಯಾರು ಚುರುಕಾಗಿ ಅಪ್‌ಡೇಟ್ ಮಾಡಿದ್ರೋ ಅವರೇ ಸಿಕ್ಕಿಬಿದ್ರು, ಸೋಮಾರಿಗಳು ಬಚಾವಾದ್ರು.

ಹಂಗಾದ್ರೆ ಮಾಡ್ಬೇಕೋ ಬೇಡ್ವೋ? ಕಾಲೇಜ್ ಪ್ರಾಜೆಕ್ಟ್ ಮಾಡೋರು, ಊರಿನ ಬಟ್ಟೆ ಅಂಗಡಿಗೋ ಹೋಂಸ್ಟೇಗೋ ಸೈಟ್ ಮಾಡಿಕೊಡೋರು, ಆಫೀಸಲ್ಲಿ ಬೇರೆ ಯಾರೋ ಬರೆದಿಟ್ಟ ಪ್ರಾಜೆಕ್ಟ್ ತಲೆಗೆ ಕಟ್ಟಿಸ್ಕೊಂಡೋರು, ಎಲ್ಲರಿಗೂ ಇದು ದಿನಾ ಎದುರಾಗೋ ಪ್ರಶ್ನೆ. ಉತ್ತರ ಇದೆ, ಆದ್ರೆ ಅದು ಅರ್ಥ ಆಗ್ಬೇಕಂದ್ರೆ ಬುಡದಿಂದ ಬರ್ಬೇಕು.

ನಿಮ್ಮ ಸೈಟ್‌ನಲ್ಲಿ ನೀವು ಬರೆದ ಕೋಡ್ ಎಷ್ಟು?

ಬಹಳ ಕಮ್ಮಿ. ಇವತ್ತು ಯಾರೂ ಎಲ್ಲಾನೂ ಕೂತು ಬರೆಯಲ್ಲ. ದಿನಾಂಕ ತೋರಿಸೋಕೆ ಒಂದು, ಫಾರ್ಮ್ ಚೆಕ್ ಮಾಡೋಕೆ ಒಂದು, ಫೋಟೋ ಸಣ್ಣ ಮಾಡೋಕೆ ಒಂದು ಅಂತ ಬೇರೆಯವರು ಬರೆದಿಟ್ಟ ರೆಡಿ ಕೋಡ್ ತಗೋತೀವಿ. ಹಿಂಗೆ ಹಂಚಿಕೊಳ್ಳೋಕೆ ಕಟ್ಟಿಟ್ಟ ಕೋಡಿನ ಗಂಟಿಗೆ ಪ್ಯಾಕೇಜ್ ಅಂತಾರೆ. ಜಾವಾಸ್ಕ್ರಿಪ್ಟ್ ಪ್ರಪಂಚದಲ್ಲಿ ಈ ಪ್ಯಾಕೇಜ್‌ಗಳ ದೊಡ್ಡ ಗೋಡೌನ್ ಎನ್‌ಪಿಎಂ, 2010ರಲ್ಲಿ ಶುರುವಾಗಿದ್ದು, 2020ರಿಂದ ಗಿಟ್‌ಹಬ್ ಅನ್ನೋ, ಡೆವಲಪರ್‌ಗಳು ಕೋಡ್ ಇಡೋ ಸೈಟಿನವರ ಕೈಲಿದೆ. ಅಲ್ಲಿಂದ ಸಾಮಾನು ತರೋ ಕಮಾಂಡಿಗೂ ಅದೇ ಹೆಸರು, ಹಾಗಾಗಿ ಹೊಸಬರಿಗೆ ಗೊಂದಲ ಆಗೋದು ಸಹಜ.

ವಿಷಯ ಇರೋದು ಇಲ್ಲಿ, ನೀವು ತರಿಸಿದ ಪ್ಯಾಕೇಜ್ ಬರೆದವರೂ ಬೇರೆ ಪ್ಯಾಕೇಜ್ ಬಳಸಿರ್ತಾರೆ, ಅದನ್ನ ಬರೆದವರು ಇನ್ನೊಂದನ್ನ. ನೀವು ಪಟ್ಟಿಯಲ್ಲಿ ಹತ್ತು ಹೆಸರು ಬರೆದಿದ್ರೆ ಅವನ್ನ ಇಳಿಸಿಡೋ ನೋಡ್ ಮಾಡ್ಯೂಲ್ಸ್ ಅನ್ನೋ ಫೋಲ್ಡರ್ ಒಳಗೆ ನೂರಾರು ಬಂದು ಕೂತಿರ್ತವೆ. 2019ರಲ್ಲಿ ಸಂಶೋಧಕರು ಇದನ್ನ ಲೆಕ್ಕ ಹಾಕಿದ್ರು: ಸರಾಸರಿ ಒಂದು ಎನ್‌ಪಿಎಂ ಪ್ಯಾಕೇಜ್ ಹಾಕಿಕೊಂಡ್ರೆ ನಿಮಗೆ ಗೊತ್ತಿಲ್ದೇನೇ 79 ಬೇರೆ ಪ್ಯಾಕೇಜ್‌ಗಳನ್ನ, 39 ಜನ ಮೇಂಟೇನರ್‌ಗಳನ್ನ ನಂಬಿದ ಹಾಗೆ. ಮೇಂಟೇನರ್ ಅಂದ್ರೆ ಆ ಪ್ಯಾಕೇಜ್ ನೋಡಿಕೊಳ್ಳೋ ವ್ಯಕ್ತಿ, ಬಹಳಷ್ಟು ಸಲ ಸಂಬಳ ಇಲ್ದೆ, ರಾತ್ರಿ ಊಟ ಆದ್ಮೇಲೆ ಕೂತು ಮಾಡೋರು.

ಈ ಸರಪಳಿ ಎಷ್ಟು ಸೂಕ್ಷ್ಮ ಅಂತ ಮೊದಲು ಎಲ್ಲರಿಗೂ ಗೊತ್ತಾಗಿದ್ದು 2016ರ ಮಾರ್ಚ್‌ನಲ್ಲಿ. ಒಬ್ಬ ಡೆವಲಪರ್ ತನ್ನ ಒಂದು ಪ್ಯಾಕೇಜಿನ ಹೆಸರಿನ ವಿಷಯದಲ್ಲಿ ಜಗಳ ಆಗಿ, ಸಿಟ್ಟಲ್ಲಿ ತನ್ನ ಎಲ್ಲಾ ಪ್ಯಾಕೇಜ್‌ಗಳನ್ನೂ ಎನ್‌ಪಿಎಂನಿಂದ ಕಿತ್ತುಹಾಕಿದ. ಅದರಲ್ಲಿ ಲೆಫ್ಟ್‌ಪ್ಯಾಡ್ ಅನ್ನೋದೂ ಇತ್ತು, ಬರೀ 11 ಸಾಲಿನ ಕೋಡು, ಅಕ್ಷರಗಳ ಎಡಗಡೆ ಖಾಲಿ ಜಾಗ ತುಂಬಿಸೋ ಕೆಲಸ. ಆ 11 ಸಾಲು ಇಲ್ದೆ ಜಗತ್ತಿನಾದ್ಯಂತ ಬಿಲ್ಡ್‌ಗಳು, ಅಂದ್ರೆ ಬರೆದ ಕೋಡ್‌ನ ಓಡಿಸೋಕೆ ತಯಾರು ಮಾಡೋ ಕೆಲಸಗಳು, ನಿಂತುಹೋದ್ವು, ಕೊನೆಗೆ ಎನ್‌ಪಿಎಂನವರೇ ಅದನ್ನ ವಾಪಸ್ ತಂದು ಕೂರಿಸಿದ್ರು. ಆಮೇಲೆ ಹಿಂಗೆ ಸುಲಭವಾಗಿ ಕಿತ್ತುಹಾಕೋ ಹಾಗಿಲ್ಲ ಅಂತ ನಿಯಮ ಬಂತು. ಆದ್ರೆ ಕೀಳೋದು ಒಂದು ಥರದ ಅಪಾಯ ಅಷ್ಟೇ, ಒಳಗೆ ವಿಷ ಸೇರಿಸೋದು ಇನ್ನೊಂದು, ಈಗಿನ ಗಲಾಟೆ ಎಲ್ಲ ಈ ಎರಡನೇದ್ದು.

ಆ ಪುಟ್ಟ ಟೊಪ್ಪಿ ಗುರುತು, ಮತ್ತೆ ಲಾಕ್ ಫೈಲ್

ಪ್ರತಿ ಪ್ಯಾಕೇಜಿಗೂ ಒಂದು ವರ್ಶನ್ ನಂಬರ್ ಇರತ್ತೆ, 1.4.2 ಥರ ಮೂರು ಭಾಗ. ಕೊನೇದು ಬದಲಾದ್ರೆ ಸಣ್ಣ ರಿಪೇರಿ, ಮಧ್ಯದ್ದು ಬದಲಾದ್ರೆ ಹೊಸದೇನೋ ಸೇರಿದೆ ಆದ್ರೆ ಹಳೇದು ಹಾಗೇ ನಡೆಯತ್ತೆ, ಮೊದಲನೇದು ಬದಲಾದ್ರೆ ಹುಷಾರು, ನಿಮ್ಮ ಕೋಡ್ ಮುರೀಬಹುದು. ಇದು ಎಲ್ಲರೂ ಒಪ್ಪಿಕೊಂಡ ಪದ್ಧತಿ, ಪಾಲಿಸಲೇಬೇಕು ಅಂತ ಯಾರೂ ಕಾಯ್ತಾ ಕೂತಿಲ್ಲ.

ನಿಮ್ಮ ಪ್ರಾಜೆಕ್ಟಿನ ಪ್ಯಾಕೇಜ್ ಜೇಸನ್ ಫೈಲ್ ತೆಗೆದು ನೋಡಿ, ನಂಬರ್ ಹಿಂದೆ ^ ಅಂತ ಒಂದು ಟೊಪ್ಪಿ ಇರತ್ತೆ. ನೀವು ಹಾಕಿದ್ದಲ್ಲ, ಎನ್‌ಪಿಎಂ ತಾನೇ ಹಾಕೋದು. ^1.4.2 ಅಂದ್ರೆ 1.4.2ರಿಂದ ಹಿಡಿದು 2.0.0 ಬರೋವರೆಗೆ ಯಾವ ವರ್ಶನ್ ಆದ್ರೂ ನಡೆಯತ್ತೆ ಅಂತ ಅರ್ಥ. ಅದರ ಬದಲು ~ ಗುರುತು ಇದ್ರೆ 1.5.0 ಮುಟ್ಟೋ ಹಾಗಿಲ್ಲ. ಹಂಗಾಗಿ ಇವತ್ತು ನೀವು ಇನ್‌ಸ್ಟಾಲ್ ಮಾಡಿದಾಗ ಬಂದ ಕೋಡೂ, ನಾಳೆ ನಿಮ್ಮ ಫ್ರೆಂಡ್ ಅದೇ ಪ್ರಾಜೆಕ್ಟ್ ಇನ್‌ಸ್ಟಾಲ್ ಮಾಡಿದಾಗ ಬರೋ ಕೋಡೂ ಬೇರೆ ಬೇರೆ ಆಗಬಹುದು. ನನ್ನ ಮಷೀನಲ್ಲಿ ಓಡ್ತಿದೆ ನಿನ್ನದ್ರಲ್ಲಿ ಯಾಕೆ ಓಡ್ತಿಲ್ಲ ಅನ್ನೋ ಹಳೇ ರಾಮಾಯಣದಲ್ಲಿ ಅರ್ಧ ಇದೇ.

ಇದಕ್ಕೇ ಇರೋದು ಲಾಕ್ ಫೈಲ್. ದಿನಸಿ ಚೀಟೀಲಿ ನಾವು ತೊಗರಿಬೇಳೆ ಎರಡು ಕೆಜಿ ಅಂತ ಬರೀತೀವಿ, ಯಾವ ಬ್ರ್ಯಾಂಡ್, ಯಾವತ್ತು ಪ್ಯಾಕ್ ಮಾಡಿದ್ದು ಅಂತ ಬರಿಯಲ್ಲ, ಅಂಗಡಿಯವನು ಕೊಟ್ಟ ಬಿಲ್ಲಲ್ಲಿ ಮಾತ್ರ ನಿಜವಾಗಿ ಕೈಗೆ ಬಂದಿದ್ದು ಯಾವುದು ಅಂತ ಇರತ್ತೆ. ಪ್ಯಾಕೇಜ್ ಜೇಸನ್ ಚೀಟಿ, ಲಾಕ್ ಫೈಲ್ ಬಿಲ್ಲು. ಸರಪಳಿಯ ಕೊನೇ ಪ್ಯಾಕೇಜ್‌ವರೆಗೆ ಯಾವುದು ಬಂತು, ಅದರ ಒಳಗಿನ ಕೋಡಿನ ಬೆರಳಚ್ಚು ಏನು ಅಂತ ಎಲ್ಲ ಅದರಲ್ಲಿ ಬರೆದಿರತ್ತೆ. ಎನ್‌ಪಿಎಂಗೆ ಇದು ಬಂದಿದ್ದು 2017ರಲ್ಲಿ.

ಬಹಳ ಜನ ಈ ಫೈಲ್‌ನ ಕಸ ಅಂದ್ಕೊಂಡು, ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್‌ಗೆ ಹಾಕಲ್ಲ, ಇಲ್ಲಾಂದ್ರೆ ಏನೋ ಎರರ್ ಬಂತು ಅಂತ ನೋಡ್ ಮಾಡ್ಯೂಲ್ಸ್ ಜೊತೆ ಇದನ್ನೂ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಹೊಡೀತಾರೆ. ಇಂಟರ್ನೆಟ್ಟಲ್ಲಿ ಸಿಗೋ ಅರ್ಧ ಪರಿಹಾರಗಳು ಇದನ್ನೇ ಹೇಳ್ತವೆ. ಲಾಕ್ ಫೈಲ್ ಡಿಲೀಟ್ ಮಾಡೋದು ಅಂದ್ರೆ ನೂರಾರು ಪ್ಯಾಕೇಜ್‌ಗಳನ್ನ ಒಂದೇ ಏಟಿಗೆ, ನೋಡ್ದೇನೇ ಅಪ್‌ಡೇಟ್ ಮಾಡೋದು. ಸೆಪ್ಟೆಂಬರ್ 8ರ ಸಂಜೆ ಯಾರಾದ್ರೂ ಆ ಕೆಲಸ ಮಾಡಿದ್ರೆ ನೇರವಾಗಿ ವಿಷಾನೇ ಮನೆಗೆ ತಂದ್ಕೊಂಡಂಗೆ.

ಇನ್ನೊಂದು ಸೂಕ್ಷ್ಮ ಇದೆ. ಸಾಮಾನ್ಯ ಎನ್‌ಪಿಎಂ ಇನ್‌ಸ್ಟಾಲ್ ಕಮಾಂಡ್ ಕೂಡ ಲಾಕ್ ಫೈಲ್ ನೋಡತ್ತೆ, ಆದ್ರೆ ಚೀಟಿಗೂ ಬಿಲ್ಲಿಗೂ ಹೊಂದಾಣಿಕೆ ಇಲ್ಲ ಅಂದ್ರೆ ಸದ್ದಿಲ್ದೆ ಬಿಲ್ಲನ್ನೇ ತಿದ್ದಿಬಿಡತ್ತೆ. ಎನ್‌ಪಿಎಂ ಸಿಐ ಅನ್ನೋ ಕಮಾಂಡ್ ಹಂಗಲ್ಲ, ಹಳೇ ನೋಡ್ ಮಾಡ್ಯೂಲ್ಸ್ ಪೂರ್ತಿ ಅಳಿಸಿ, ಲಾಕ್ ಫೈಲ್‌ನಲ್ಲಿ ಇದ್ದಿದ್ದನ್ನೇ ತಂದು ಇಡತ್ತೆ, ಹೊಂದಾಣಿಕೆ ಇಲ್ದಿದ್ರೆ ಎರರ್ ಕೊಟ್ಟು ನಿಂತುಬಿಡತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಹೊಸ ಪ್ಯಾಕೇಜ್ ಸೇರಿಸೋವಾಗ ಮಾತ್ರ ಇನ್‌ಸ್ಟಾಲ್, ಬಿಲ್ಡ್ ಆಗೋ ಕಡೆ, ಡಿಪ್ಲಾಯ್ ಆಗೋ ಕಡೆ (ಅಂದ್ರೆ ಸರ್ವರ್‌ಗೆ ಏರಿಸೋ ಕಡೆ) ಯಾವಾಗ್ಲೂ ಸಿಐ. ಈ ಲೇಖನದಲ್ಲಿ ಒಂದೇ ಒಂದು ವಿಷಯ ತಗೊಂಡು ಹೋಗ್ತೀನಿ ಅಂದ್ರೆ ಇದನ್ನ ತಗೊಂಡು ಹೋಗಿ.

ಇನ್‌ಸ್ಟಾಲ್ ಅಂದ್ರೆ ಬರೀ ಡೌನ್‌ಲೋಡ್ ಅಲ್ಲ

ಇದು ಎಷ್ಟೋ ವರ್ಷ ಕೆಲಸ ಮಾಡಿದೋರಿಗೂ ಗೊತ್ತಿರಲ್ಲ. ಒಂದು ಪ್ಯಾಕೇಜ್ ಇನ್‌ಸ್ಟಾಲ್ ಆಗೋವಾಗ ತನ್ನದೇ ಒಂದು ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಲ್ಲಿ ಓಡಿಸಬಹುದು. ನೀವು ಆ ಪ್ಯಾಕೇಜ್‌ನ ನಿಮ್ಮ ಕೋಡಲ್ಲಿ ಇನ್ನೂ ಬಳಸಿರೋದೇ ಬೇಡ, ಇನ್‌ಸ್ಟಾಲ್ ಅಂತ ಎಂಟರ್ ಹೊಡೆದ್ರೆ ಸಾಕು. ಇದಕ್ಕೆ ಒಳ್ಳೆ ಉಪಯೋಗವೂ ಇದೆ, ಪಪೆಟೀರ್ ಥರದ್ದು ಇದೇ ಹೊತ್ತಲ್ಲಿ ಕ್ರೋಮ್ ಬ್ರೌಸರ್ ಇಳಿಸಿಕೊಳ್ಳತ್ತೆ, ಬಿಕ್ರಿಪ್ಟ್‌ನ ಹಳೇ ಆವೃತ್ತಿಗಳು ನಿಮ್ಮ ಮಷೀನಿಗೆ ಹೊಂದೋ ಫೈಲ್ ತಂದ್ಕೊಳ್ತಿದ್ವು. ಆದ್ರೆ ಕಳ್ಳನಿಗೂ ಬಾಗಿಲು ಅದೇ.

2025ರ ಸೆಪ್ಟೆಂಬರ್ ಮಧ್ಯದಲ್ಲಿ ಬಂದ ಶಾಯ್-ಹುಲೂದ್ ಅನ್ನೋ ಹುಳು ಮಾಡಿದ್ದು ಇದನ್ನೇ. ಹುಳು ಅಂತ ಯಾಕೆ ಅಂದ್ರೆ ಅದು ತಾನೇ ಹರಡ್ತಾ ಹೋಗತ್ತೆ. ಕೆಟ್ಟ ಪ್ಯಾಕೇಜ್ ಒಬ್ಬ ಡೆವಲಪರ್ ಮಷೀನಲ್ಲಿ ಇನ್‌ಸ್ಟಾಲ್ ಆಯ್ತು, ಅದರ ಸ್ಕ್ರಿಪ್ಟ್ ಓಡಿ ಆ ಮಷೀನಲ್ಲಿ ಬಿದ್ದಿರೋ, ಪಾಸ್‌ವರ್ಡ್ ಥರ ಕೆಲಸ ಮಾಡೋ ಗಿಟ್‌ಹಬ್ ಟೋಕನ್, ಎನ್‌ಪಿಎಂ ಟೋಕನ್, ಅಮೆಜಾನ್ ಕ್ಲೌಡ್ ಕೀ ಎಲ್ಲ ಹುಡುಕ್ತು, ಹುಡುಕಿ ಕದ್ದು ಹೊರಗೆ ಹಾಕ್ತು, ಆಮೇಲೆ ಆ ಡೆವಲಪರ್ ಸ್ವತಃ ಬೇರೆ ಪ್ಯಾಕೇಜ್‌ಗಳ ಮೇಂಟೇನರ್ ಆಗಿದ್ರೆ ಕದ್ದ ಟೋಕನ್ ಬಳಸಿ ಆ ಪ್ಯಾಕೇಜ್‌ಗಳಿಗೂ ತನ್ನನ್ನ ಸೇರಿಸಿಕೊಂಡು ಹೊಸ ವರ್ಶನ್ ಬಿಡ್ತು, ಅದನ್ನ ಇನ್ನೊಬ್ಬರು ಇನ್‌ಸ್ಟಾಲ್ ಮಾಡ್ತಾರೆ, ಹಿಂಗೆ. ನೂರಾರು ಪ್ಯಾಕೇಜ್ ಕೆಟ್ಟೋದ್ವು. ನವೆಂಬರ್ ಕೊನೇಲಿ ಎರಡನೇ ಅಲೆ ಬಂತು, ಅದು ಇನ್‌ಸ್ಟಾಲ್ ಮುಗಿಯೋಕೆ ಮುಂಚೇನೇ ಓಡೋ ಸ್ಕ್ರಿಪ್ಟ್ ಬಳಸ್ತು.

ತಡೆಯೋದು ಹೆಂಗೆ? ಎನ್‌ಪಿಎಂ ಸೆಟ್ಟಿಂಗ್ಸ್‌ನಲ್ಲಿ ಇಗ್ನೋರ್ ಸ್ಕ್ರಿಪ್ಟ್ಸ್ ಅನ್ನೋದನ್ನ ಟ್ರೂ ಮಾಡಿದ್ರೆ ಈ ಸ್ಕ್ರಿಪ್ಟ್‌ಗಳು ಓಡಲ್ಲ. ಆದ್ರೆ ಆಗ ಪಪೆಟೀರ್ ಥರದವು ಅರ್ಧಂಬರ್ಧ ಬಂದು ಕೂತಿರ್ತವೆ, ಅವನ್ನ ಕೈಯಾರೆ ಸರಿ ಮಾಡ್ಬೇಕು. ಎನ್‌ಪಿಎಂ ಬದಲು ಪಿಎನ್‌ಪಿಎಂ ಅನ್ನೋ ಟೂಲ್ ಬಳಸೋದು ನನ್ನ ಪ್ರಕಾರ ಇದಕ್ಕಿಂತ ಸುಖ: 2025ರ ಜನವರಿಯಲ್ಲಿ ಬಂದ ಅದರ 10ನೇ ಆವೃತ್ತಿಯಿಂದ ಪ್ಯಾಕೇಜ್‌ಗಳ ಸ್ಕ್ರಿಪ್ಟ್ ತಾನಾಗೇ ಬಂದ್ ಇರತ್ತೆ, ಯಾವುದಕ್ಕೆ ಅನುಮತಿ ಕೊಡ್ಬೇಕು ಅಂತ ನೀವೇ ಒಂದು ಪಟ್ಟಿ ಮಾಡ್ತೀರಿ, ಆ ಪಟ್ಟಿ ಪ್ರಾಜೆಕ್ಟ್ ಜೊತೆಗೇ ಉಳಿಯತ್ತೆ. ಬನ್ ಅನ್ನೋ ಇನ್ನೊಂದು ಟೂಲಿಂದೂ ಹೆಚ್ಚುಕಮ್ಮಿ ಇದೇ ದಾರಿ.

ಇಷ್ಟು ಮಾಡಿದ್ರೆ ಎಲ್ಲ ಸರಿಹೋಯ್ತಾ ಅಂದ್ರೆ ಇಲ್ಲ. ಸೆಪ್ಟೆಂಬರ್ 8ರ ಚಾಕ್ ಪ್ರಕರಣದಲ್ಲಿ ಇನ್‌ಸ್ಟಾಲ್ ಸ್ಕ್ರಿಪ್ಟೇ ಇರ್ಲಿಲ್ಲ, ವಿಷ ಪ್ಯಾಕೇಜಿನ ಕೋಡಿನೊಳಗೇ ಇತ್ತು. ಅದು ನಿಮ್ಮ ಸೈಟ್ ಜೊತೆ ಬಂಡಲ್ ಆಗಿ ನೋಡೋರ ಬ್ರೌಸರಿಗೆ ಹೋಗಿ, ಅವರು ಕ್ರಿಪ್ಟೋ ದುಡ್ಡು ಕಳಿಸೋವಾಗ ವಿಳಾಸವನ್ನ ನೋಡೋಕೆ ಅದೇ ಥರ ಕಾಣೋ ಕಳ್ಳರ ವಿಳಾಸಕ್ಕೆ ಬದಲಾಯಿಸ್ತಿತ್ತು. ಮಜಾ ಅಂದ್ರೆ, ಕೆಲವರಿಗೆ ಇದು ಗೊತ್ತಾಗಿದ್ದು ಅವರ ಬಿಲ್ಡ್ ಓಡ್ತಿದ್ದ ಕಡೆ ಹಳೇ ನೋಡ್ (ಬ್ರೌಸರ್ ಇಲ್ದೆ ಜಾವಾಸ್ಕ್ರಿಪ್ಟ್ ಓಡಿಸೋ ಸಾಫ್ಟ್‌ವೇರ್) ಇತ್ತು ಅಂತ, ಅದರಲ್ಲಿ ಬೇರೆ ಸರ್ವರ್‌ನಿಂದ ಮಾಹಿತಿ ತರೋ ಫೆಚ್ ಇರ್ಲಿಲ್ಲ, ಕಳ್ಳನ ಕೋಡ್ ಫೆಚ್ ಕರೆಯೋಕೆ ಹೋಗಿ ಎರರ್ ಕೊಟ್ಟು ಬಿತ್ತು.

ಇಷ್ಟಕ್ಕೂ ಆ ಮೇಂಟೇನರ್ ಖಾತೆ ಕಳ್ಳರಿಗೆ ಸಿಕ್ಕಿದ್ದು ಹೆಂಗೆ? ಎನ್‌ಪಿಎಂನಿಂದ ಬಂದಂತೆ ಕಾಣೋ ಒಂದು ಇಮೇಲ್, ನಿಮ್ಮ ಟೂ ಫ್ಯಾಕ್ಟರ್ ಅಪ್‌ಡೇಟ್ ಮಾಡಿ ಇಲ್ಲಾಂದ್ರೆ ಖಾತೆ ಲಾಕ್ ಆಗತ್ತೆ ಅಂತ. ನಮ್ಮಲ್ಲಿ ಕೆವೈಸಿ ಅಪ್‌ಡೇಟ್ ಮಾಡಿ ಅಂತ ಬರೋ ಮೆಸೇಜಿನ ಅಣ್ಣನೇ ಅದು. ಓಟಿಪಿ ಥರದ ಕೋಡ್ ಇದ್ರೂ ನಕಲಿ ಪೇಜಲ್ಲಿ ನಾವೇ ಟೈಪ್ ಮಾಡಿಕೊಟ್ರೆ ಮುಗೀತಲ್ಲ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚಿನಿಂದಲೋ ಪಿನ್‌ನಿಂದಲೋ ಲಾಗಿನ್ ಆಗೋ ಪಾಸ್‌ಕೀ ಆದ್ರೆ ಈ ಆಟ ನಡೆಯಲ್ಲ, ಯಾಕಂದ್ರೆ ಅದು ಅಸಲಿ ಸೈಟಿನ ವಿಳಾಸಕ್ಕೇ ಕಟ್ಟಿಕೊಂಡಿರತ್ತೆ. ಗಿಟ್‌ಹಬ್ ಖಾತೆಗೆ ಇವತ್ತೇ ಪಾಸ್‌ಕೀ ಹಾಕಿಬಿಡಿ.

ಸ್ವಲ್ಪ ದಿನ ಕಾಯೋದರ ಲಾಭ

ಚಾಕ್ ವಿಷ ಗೋಡೌನಲ್ಲಿ ಇದ್ದಿದ್ದು ಸುಮಾರು ಎರಡು ಗಂಟೆ. ಇಂಥವನ್ನ ಹುಡುಕೋದೇ ಕೆಲಸ ಮಾಡ್ಕೊಂಡಿರೋ ಕಂಪನಿಗಳಿವೆ, ಹೊಸ ವರ್ಶನ್ ಬಂದ ತಕ್ಷಣ ಜಾಲಾಡ್ತಾರೆ, ಹಂಗಾಗಿ ಈಚಿನ ದಾಳಿಗಳಲ್ಲಿ ಬಹುತೇಕ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಸಿಕ್ಕಿಬೀಳ್ತವೆ. ಅಂದ್ರೆ ಮೂರು ದಿನ ಹಳೇದಾಗ್ದೆ ಇರೋ ಯಾವ ವರ್ಶನ್‌ನೂ ಮುಟ್ಟಲ್ಲ ಅಂತ ನಿಯಮ ಮಾಡ್ಕೊಂಡ್ರೆ ಬಹಳಷ್ಟು ಅಪಾಯ ತಾನಾಗೇ ದಾಟಿಹೋಗತ್ತೆ.

ಇದನ್ನ ನೆನಪಿಟ್ಕೊಂಡು ಮಾಡೋದು ಬೇಡ, ಟೂಲ್‌ಗೇ ಹೇಳಬಹುದು. ಪಿಎನ್‌ಪಿಎಂನಲ್ಲಿ ಮಿನಿಮಮ್ ರಿಲೀಸ್ ಏಜ್ ಅಂತ ಒಂದು ಸೆಟ್ಟಿಂಗ್ 2025ರ ಸೆಪ್ಟೆಂಬರ್‌ನಲ್ಲಿ ಬಂತು, ಲೆಕ್ಕ ನಿಮಿಷದಲ್ಲಿ, ಮೂರು ದಿನಕ್ಕೆ 4320. ಬರೀ ಎನ್‌ಪಿಎಂ ಬಳಸೋರು ಬಿಫೋರ್ ಅನ್ನೋ ಆಯ್ಕೆಗೆ ಒಂದು ದಿನಾಂಕ ಕೊಟ್ರೆ ಅದಕ್ಕಿಂತ ಮುಂಚಿನ ವರ್ಶನ್‌ಗಳು ಮಾತ್ರ ಬರ್ತವೆ. ಗಿಟ್‌ಹಬ್‌ನಲ್ಲಿ ಅಪ್‌ಡೇಟ್‌ಗಳನ್ನ ತಾನೇ ತಂದುಕೊಡೋ ಡಿಪೆಂಡಾಬಾಟ್ ಇದ್ರೆ ಅದಕ್ಕೂ ಕೂಲ್‌ಡೌನ್ ಅಂತ ಹಾಕಬಹುದು, ಮತ್ತೆ ಅದರಲ್ಲಿ ಒಂದು ಜಾಣತನ ಇದೆ: ಈ ಕಾಯೋ ನಿಯಮ ಮಾಮೂಲಿ ಅಪ್‌ಡೇಟ್‌ಗಳಿಗೆ ಮಾತ್ರ, ಸೆಕ್ಯೂರಿಟಿ ರಿಪೇರಿಗಳು ಕಾಯದೆ ಬರ್ತವೆ. ಶುರುವಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೆಚ್ಚುಕಮ್ಮಿ ಈ ಒಂದು ಸೆಟ್ಟಿಂಗಲ್ಲೇ ಇದೆ ನೋಡಿ.

ಕಾಯೋದೇ ರಾಮಬಾಣ ಅಂತ ಅಲ್ಲ. 2018ರಲ್ಲಿ ಈವೆಂಟ್-ಸ್ಟ್ರೀಮ್ ಅನ್ನೋ ಪ್ಯಾಕೇಜನ್ನ ಹಳೇ ಮೇಂಟೇನರ್ ಸಹಾಯ ಮಾಡ್ತೀನಿ ಅಂತ ಬಂದ ಅಪರಿಚಿತನಿಗೆ ಒಪ್ಪಿಸಿದ, ಅವನು ಒಂದು ಬಿಟ್‌ಕಾಯಿನ್ ವಾಲೆಟ್‌ನ ಗುರಿ ಇಟ್ಟು ಕಳ್ಳ ಕೋಡ್ ಸೇರಿಸಿದ, ಅದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಯಾರ ಕಣ್ಣಿಗೂ ಬೀಳ್ಲಿಲ್ಲ. ತಾಳ್ಮೆ ಇರೋ ಕಳ್ಳನ ಮುಂದೆ ಮೂರು ದಿನ ಏನೂ ಅಲ್ಲ.

ಕಾಯಲೇಬಾರದ ಅಪ್‌ಡೇಟ್ ಯಾವುದು?

ಈಗ ಡಿಸೆಂಬರ್ ವಿಷಯ. ರಿಯಾಕ್ಟ್ ಅಂದ್ರೆ ಮೊದಲೆಲ್ಲ ಬ್ರೌಸರಲ್ಲಿ ಓಡೋ ಲೈಬ್ರರಿ. ಈಚೆಗೆ ಅದರ ಒಂದು ಭಾಗ ಸರ್ವರ್ ಮೇಲೂ ಓಡತ್ತೆ, ಅದಕ್ಕೆ ಸರ್ವರ್ ಕಾಂಪೊನೆಂಟ್ಸ್ ಅಂತಾರೆ. ಬ್ರೌಸರಿಂದ ಸರ್ವರಿಗೆ ಮಾಹಿತಿ ಒಂದು ವಿಶೇಷ ರೂಪದಲ್ಲಿ ಹೋಗತ್ತೆ, ಸರ್ವರ್ ಅದನ್ನ ಬಿಚ್ಚಿ ಓದತ್ತೆ. ಈ ಬಿಚ್ಚೋ ಜಾಗದಲ್ಲಿ ಲೋಪ ಇತ್ತು. ಬೇಕಂತಲೇ ವಕ್ರವಾಗಿ ತಯಾರಿಸಿದ ಒಂದು ರಿಕ್ವೆಸ್ಟ್ ಕಳಿಸಿದ್ರೆ ಸಾಕು, ಲಾಗಿನ್ ಇಲ್ಲ ಪಾಸ್‌ವರ್ಡ್ ಇಲ್ಲ, ಕಳಿಸಿದವನಿಗೆ ಬೇಕಾದ ಕೋಡ್ ನಿಮ್ಮ ಸರ್ವರ್ ಮೇಲೆ ಓಡತ್ತೆ. ತೀವ್ರತೆ ಅಳೆಯೋ ಹತ್ತರ ಮಾಪನದಲ್ಲಿ ಇದಕ್ಕೆ ಸಿಕ್ಕಿದ್ದು 10ಕ್ಕೆ 10. ಡಿಸೆಂಬರ್ 3ಕ್ಕೆ ವಿಷಯ ಹೊರಗೆ ಬಂತು, ಗಂಟೆಗಳಲ್ಲೇ ದಾಳಿ ಶುರುವಾಯ್ತು.

ಇಲ್ಲಿ ಮೂರು ದಿನ ಕಾಯ್ತೀನಿ ಅಂದೋನ ಗತಿ ಏನಾಗ್ತಿತ್ತು ಅಂತ ಬೇರೆ ಹೇಳ್ಬೇಕಾಗಿಲ್ಲ.

ಆದ್ರೆ ಅವತ್ತು ಗಾಬರಿ ಬಿದ್ದವರಲ್ಲಿ ಬಹಳ ಜನ ಸುಮ್ಮಸುಮ್ಮನೆ ಗಾಬರಿ ಬಿದ್ರು. ವೀಟ್ ಅನ್ನೋ ಬಿಲ್ಡ್ ಟೂಲ್‌ನಲ್ಲಿ ಕಟ್ಟಿ, ಬರೀ ಬ್ರೌಸರಲ್ಲಿ ಓಡೋ ರಿಯಾಕ್ಟ್ ಸೈಟ್‌ಗೆ ಇದು ತಟ್ಟಲ್ಲ, ಅಲ್ಲಿ ಸರ್ವರ್ ಭಾಗವೇ ಇಲ್ಲ. ರಿಯಾಕ್ಟ್ ಮೇಲೆ ಕಟ್ಟಿರೋ ನೆಕ್ಸ್ಟ್ ಜೆಎಸ್ ಫ್ರೇಮ್‌ವರ್ಕ್‌ನಲ್ಲಿ ಹಳೇ ಪೇಜಸ್ ರೌಟರ್ ಬಳಸೋರಿಗೂ ತಟ್ಟಲ್ಲ, ಆ್ಯಪ್ ರೌಟರ್ ಬಳಸೋ 15, 16ನೇ ಆವೃತ್ತಿಯವರಿಗೆ ತಟ್ಟತ್ತೆ. ಹಂಗಾಗಿ ಎಚ್ಚರಿಕೆ ಸುದ್ದಿ ಬಂದಾಗ ಅದರ ಹೆಡ್‌ಲೈನ್ ಬಿಟ್ಟು ಒಳಗೆ ಹೋಗಿ ಓದಿ. ಲೋಪ ಇರೋ ಭಾಗ ನನ್ನ ಸರ್ವರ್ ಮೇಲೋ ನನ್ನ ಸೈಟ್ ನೋಡೋರ ಬ್ರೌಸರಲ್ಲೋ ಓಡತ್ತಾ, ನಾನು ಆ ಸೌಲಭ್ಯ ಬಳಸ್ತಿದೀನಾ, ಲಾಗಿನ್ ಇಲ್ದ ಹೊರಗಿನವನು ಅಲ್ಲಿಗೆ ತಲುಪಬಹುದಾ, ಇವಕ್ಕೆ ಹೌದು ಅಂತ ಬಂದ್ರೆ ಕೆಲಸ ಬಿಟ್ಟು ಅಪ್‌ಡೇಟ್ ಮಾಡಿ. ಇಲ್ಲ ಅಂದ್ರೆ ಅದು ಮಾಮೂಲಿ ಸಾಲಲ್ಲಿ ನಿಲ್ಲಲಿ.

ಎನ್‌ಪಿಎಂ ಆಡಿಟ್ ಅನ್ನೋ ಕಮಾಂಡ್ ಹೊಡೆದ್ರೆ ಕೆಂಪು ಅಕ್ಷರದಲ್ಲಿ ಹತ್ತಾರು ಲೋಪ ತೋರಿಸತ್ತಲ್ಲ, ಅದರಲ್ಲೂ ಬಹಳಷ್ಟು ಡೆವಲಪ್‌ಮೆಂಟ್ ಟೂಲ್‌ಗಳದ್ದು, ಅವು ನಿಮ್ಮ ಸೈಟ್ ಜೊತೆ ಹೊರಗೇ ಹೋಗಲ್ಲ. ಆಡಿಟ್ ಜೊತೆ ಒಮಿಟ್ ಡೆವ್ ಅಂತ ಸೇರಿಸಿದ್ರೆ ಪಟ್ಟಿ ಚಿಕ್ಕದಾಗತ್ತೆ, ಉಳಿದಿದ್ದನ್ನ ಓದಿ. ಆಡಿಟ್ ಫಿಕ್ಸ್‌ಗೆ ಫೋರ್ಸ್ ಸೇರಿಸಿ ಹೊಡೆಯೋ ಅಭ್ಯಾಸ ಮಾತ್ರ ಬಿಟ್ಟುಬಿಡಿ, ಅದು ಮೊದಲನೇ ನಂಬರ್ ಬದಲಾಗೋ ಅಪ್‌ಡೇಟ್‌ಗಳನ್ನೂ ಕೇಳ್ದೆ ಎಳೆದು ತಂದು, ಇಲ್ದಿರೋ ಸಮಸ್ಯೆ ಬಗೆಹರಿಸೋಕೆ ಹೋಗಿ ಇರೋ ಸೈಟ್ ಕೆಡಿಸಿಡತ್ತೆ.

ಇನ್ನೊಂದು, ಇಂಥ ಲೋಪದಲ್ಲಿ ಅಪ್‌ಡೇಟ್ ಮಾಡಿದ್ರೆ ಕಥೆ ಮುಗೀಲಿಲ್ಲ. ನೀವು ರಿಪೇರಿ ಮಾಡೋ ಮುಂಚೆ ಯಾರೋ ಒಳಗೆ ಬಂದು ಹೋಗಿರಬಹುದು, ಅದಕ್ಕೆ ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಕೀ ಎಲ್ಲ ಬದಲಾಯಿಸ್ಬೇಕು. ಮತ್ತೆ ಮುಂದಿನ ವಾರವೂ ಕಣ್ಣಿಟ್ಟಿರಿ, ಡಿಸೆಂಬರ್ 11ಕ್ಕೆ ಅದೇ ಜಾಗದಲ್ಲಿ ಇನ್ನೆರಡು ಲೋಪ ಸಿಕ್ಕಿ, ಎಲ್ಲರೂ ಮತ್ತೊಂದ್ಸಲ ಅಪ್‌ಡೇಟ್ ಮಾಡ್ಬೇಕಾಯ್ತು.

ಸರ್ವರ್‌ಗೆ ಏರಿಸೋವಾಗ

ಡಿಪ್ಲಾಯ್ ಅಂದ್ರೆ ನಿಮ್ಮ ಮಷೀನಲ್ಲಿರೋ ಕೋಡ್‌ನ ಜನ ನೋಡೋ ಸರ್ವರ್ ಮೇಲೆ ಕೂರಿಸೋದು. ಸಣ್ಣ ಪ್ರಾಜೆಕ್ಟ್‌ಗಳಲ್ಲಿ ಕಾಣೋ ಮಾಮೂಲಿ ದಾರಿ ಅಂದ್ರೆ ಸರ್ವರ್‌ಗೆ ಲಾಗಿನ್ ಆಗಿ, ಗಿಟ್ ಪುಲ್, ಎನ್‌ಪಿಎಂ ಇನ್‌ಸ್ಟಾಲ್, ಬಿಲ್ಡ್, ರೀಸ್ಟಾರ್ಟ್. ಇದರಲ್ಲಿ ಪ್ರತಿ ಹೆಜ್ಜೆಯಲ್ಲೂ ಸೈಟ್ ಅರ್ಧ ಹಳೇದು ಅರ್ಧ ಹೊಸದು ಆಗಿ ನಿಂತಿರತ್ತೆ, ಬಿಲ್ಡ್ ಮಧ್ಯದಲ್ಲಿ ಮೆಮೊರಿ ಸಾಲ್ದೆ ಸರ್ವರ್ ಉಸಿರು ಕಟ್ಟಿದ್ರೆ ವಾಪಸ್ ಹೋಗೋ ದಾರಿಯೂ ಇಲ್ಲ, ಅದರ ಮೇಲೆ ಅಪರಿಚಿತರ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಇರೋ ಮಷೀನಲ್ಲೇ ಓಡ್ತಿರ್ತವೆ.

ಬೇರೆ ದಾರಿ: ಬಿಲ್ಡ್ ಬೇರೆ ಕಡೆ ಮಾಡಿ, ಗಿಟ್‌ಹಬ್‌ನ ಮಷೀನ್‌ಗಳಲ್ಲೇ ಬಿಲ್ಡ್ ಓಡಿಸೋ ಆ್ಯಕ್ಷನ್ಸ್ ಆಗ್ಲಿ ಇನ್ನೊಂದಾಗ್ಲಿ. ತಯಾರಾದ ಫೋಲ್ಡರ್ ಅಥವಾ ಡಾಕರ್ ಇಮೇಜ್ (ಓಡೋಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಗಂಟು) ಮಾತ್ರ ಸರ್ವರ್‌ಗೆ ಹೋಗ್ಲಿ. ಬಿಲ್ಡ್ ಮಾಡೋ ಹಂತಕ್ಕೆ ಗುಟ್ಟಿನ ಕೀಗಳನ್ನ ಕೊಡಬೇಡಿ, ಸರ್ವರ್‌ಗೆ ಕಳಿಸೋ ಹಂತಕ್ಕೆ ಮಾತ್ರ ಕೊಡಿ, ಆಗ ಹುಳು ಬಂದ್ರೂ ಅದಕ್ಕೆ ಕದಿಯೋಕೆ ಏನೂ ಸಿಗಲ್ಲ. ಬ್ರೌಸರಿಗೆ ಹೋಗೋ ವೇರಿಯಬಲ್‌ಗಳ ಬಗ್ಗೆಯೂ ಹುಷಾರು, ನೆಕ್ಸ್ಟ್‌ನಲ್ಲಿ ನೆಕ್ಸ್ಟ್ ಪಬ್ಲಿಕ್ ಅಂತ, ವೀಟ್‌ನಲ್ಲಿ ವೀಟ್ ಅಂತ ಹೆಸರು ಶುರುವಾಗೋ ವೇರಿಯಬಲ್‌ಗಳೆಲ್ಲ ಸೈಟ್ ನೋಡೋ ಯಾರಿಗೆ ಬೇಕಾದ್ರೂ ಕಾಣತ್ತೆ. ಕೆಲಸ ಮಾಡ್ತಿಲ್ಲ ಅಂತ ಆ ಹೆಸರು ಅಂಟಿಸಿ ಪೇಮೆಂಟ್ ಕೀನ ಬೀದಿಗೆ ಇಟ್ಟಿರೋ ಸೈಟ್‌ಗಳು ಕಮ್ಮಿ ಏನಿಲ್ಲ.

ಸ್ವಂತ ಸರ್ವರ್ ಇದ್ರೆ ಪ್ರತಿ ಡಿಪ್ಲಾಯ್‌ಗೂ ಬೇರೆ ಫೋಲ್ಡರ್ ಮಾಡಿ, ಕರೆಂಟ್ ಅನ್ನೋ ಒಂದು ಲಿಂಕ್ ಈಗ ನಡೀತಿರೋ ಫೋಲ್ಡರ್ ಕಡೆ ತೋರಿಸ್ತಿರ್ಲಿ. ಹೊಸದು ಕೆಟ್ರೆ ಲಿಂಕ್‌ನ ಹಿಂದಿನ ಫೋಲ್ಡರ್‌ಗೆ ತಿರುಗಿಸಿ ರೀಸ್ಟಾರ್ಟ್ ಮಾಡಿದ್ರೆ ಆಯ್ತು. ವರ್ಸೆಲ್, ನೆಟ್ಲಿಫೈ ಥರದ ಹೋಸ್ಟಿಂಗ್ ಕಂಪನಿಗಳ ಕಡೆ ಇದಕ್ಕೆ ಒಂದು ಬಟನ್ ಇರತ್ತೆ. ಆದ್ರೆ ಕೋಡ್ ವಾಪಸ್ ಹೋದ ಹಾಗೆ ಡೇಟಾಬೇಸ್ ವಾಪಸ್ ಹೋಗಲ್ಲ. ಒಂದು ಕಾಲಮ್ ತೆಗೆದುಹಾಕೋದಿದ್ರೆ ಮೊದಲು ಅದನ್ನ ಬಳಸ್ದೇ ಇರೋ ಕೋಡ್ ಏರಿಸಿ, ಕೆಲವು ದಿನ ಬಿಟ್ಟು ಇನ್ನೊಂದು ಡಿಪ್ಲಾಯ್‌ನಲ್ಲಿ ಕಾಲಮ್ ತೆಗೀರಿ.

ಡಿಪ್ಲಾಯ್ ಆದ ತಕ್ಷಣ ಕೆಲವರಿಗೆ ಮಾತ್ರ ಬಿಳಿ ಪೇಜ್ ಬರತ್ತೆ, ರಿಫ್ರೆಶ್ ಮಾಡಿದ್ರೆ ಸರಿಹೋಗತ್ತೆ ಅಂತ ದೂರು ಬಂದಿದ್ರೆ, ಕಾರಣ ಹೆಚ್ಚಾಗಿ ಇದು: ಅವರು ಟ್ಯಾಬ್ ಮುಂಚೆಯೇ ತೆಗೆದಿಟ್ಟಿದ್ರು, ಅದು ಹಳೇ ಜಾವಾಸ್ಕ್ರಿಪ್ಟ್ ಫೈಲ್ ಹೆಸರು ಕೇಳ್ತಿದೆ, ನೀವು ಹಳೇ ಫೈಲ್‌ಗಳನ್ನ ಅಳಿಸಿಬಿಟ್ಟಿದೀರಿ. ಹಳೇ ಫೈಲ್‌ಗಳು ಒಂದಷ್ಟು ದಿನ ಅಲ್ಲೇ ಇರ್ಲಿ, ಜಾಗ ಎಷ್ಟು ಮಹಾ ತಿನ್ನತ್ತೆ.

ಕ್ಲೌಡ್‌ಫ್ಲೇರ್ ಅವತ್ತು ಎಡವಿದ್ದೂ ಡಿಪ್ಲಾಯ್‌ನಲ್ಲೇ. ಅವರ ಮಾಮೂಲಿ ಬದಲಾವಣೆಗಳು ಸ್ವಲ್ಪ ಸ್ವಲ್ಪವೇ ಸರ್ವರ್‌ಗಳಿಗೆ ಹೋಗ್ತವೆ, ತೊಂದರೆ ಕಂಡ್ರೆ ನಿಲ್ಲಿಸ್ತಾರೆ. ಆದ್ರೆ ಅವತ್ತಿನ ಎರಡನೇ ಬದಲಾವಣೆ, ಒಂದು ಒಳಗಿನ ಟೆಸ್ಟಿಂಗ್ ಟೂಲ್ ಆಫ್ ಮಾಡೋದು ಅಷ್ಟೇ, ಸೆಕೆಂಡುಗಳಲ್ಲಿ ಇಡೀ ನೆಟ್‌ವರ್ಕಿಗೆ ಹೋಗೋ ಬೇರೆ ದಾರೀಲಿ ಹೋಯ್ತು, ವರ್ಷಗಟ್ಟಲೆ ಯಾರಿಗೂ ಕಾಣದೆ ಮಲಗಿದ್ದ ಒಂದು ಬಗ್‌ನ ಎಬ್ಬಿಸ್ತು. ಕೋಡ್ ಅಲ್ಲ ಬರೀ ಸೆಟ್ಟಿಂಗ್ ತಾನೇ ಅಂತ ಅನ್ನಿಸೋ ಬದಲಾವಣೆಗೂ ಡಿಪ್ಲಾಯ್‌ನಷ್ಟೇ ಮರ್ಯಾದೆ ಕೊಡ್ಬೇಕು.

ಪ್ಯಾಕೇಜೇ ಬೇಡದ ಕಡೆ

ನಂಬಬೇಕಾದವರ ಸಂಖ್ಯೆ ಕಮ್ಮಿ ಮಾಡೋದಕ್ಕಿಂತ ಒಳ್ಳೆ ಉಪಾಯ ಇಲ್ಲ, ಮತ್ತೆ ಅದು ಈಗ ಮುಂಚಿಗಿಂತ ಸುಲಭ. ಲೆಫ್ಟ್‌ಪ್ಯಾಡ್ ಮಾಡ್ತಿದ್ದ ಕೆಲಸ 2017ರಿಂದ ಜಾವಾಸ್ಕ್ರಿಪ್ಟ್‌ನಲ್ಲೇ ಪ್ಯಾಡ್‌ಸ್ಟಾರ್ಟ್ ಅಂತ ಇದೆ. ನೋಡ್ 18ರಿಂದ ಫೆಚ್ ಒಳಗೇ ಇದೆ, ಒಂದೆರಡು ಎಪಿಐ ಕರೆಯೋಕೆ ಬೇರೆ ಪ್ಯಾಕೇಜ್ ಬೇಡ. ಎನ್ವ್ ಫೈಲ್ ಓದೋದು, ಕೋಡ್ ಬದಲಾದಾಗ ತಾನೇ ರೀಸ್ಟಾರ್ಟ್ ಆಗೋದು, ಟೆಸ್ಟ್ ಓಡಿಸೋದು, ಯೂನಿಕ್ ಐಡಿ ಮಾಡೋದು, ಎಲ್ಲ ಈಗಿನ ನೋಡ್ ಜೊತೆಗೇ ಬರತ್ತೆ. ಟರ್ಮಿನಲ್‌ನಲ್ಲಿ ಬಣ್ಣದ ಅಕ್ಷರ ಬರಿಯೋದು ಕೂಡ, ಅಂದ್ರೆ ಚಾಕ್ ಮಾಡೋ ಕೆಲಸ. ನೋಡ್‌ನ ಆವೃತ್ತಿ ಮಾತ್ರ ಹಳೇದಿರಬಾರದು, 18ರ ಆಯುಷ್ಯ 2025ರ ಏಪ್ರಿಲ್‌ಗೇ ಮುಗೀತು, 20ರದ್ದು 2026ರ ಏಪ್ರಿಲ್ ಕೊನೆಗೆ. 22 ಅಥವಾ 24 ಹಾಕಿ, ಅದೇ ನಂಬರ್ ಬಿಲ್ಡ್ ಆಗೋ ಕಡೆ, ಸರ್ವರ್, ನಿಮ್ಮ ಲ್ಯಾಪ್‌ಟಾಪ್ ಮೂರೂ ಕಡೆ ಇರ್ಲಿ. ಯಾವುದೋ ಪ್ಯಾಕೇಜ್ ಯಾರ ಬೆನ್ನಿಗೆ ಬಿದ್ದು ಬಂತು ಅಂತ ತಿಳೀಬೇಕಂದ್ರೆ ಎನ್‌ಪಿಎಂ ಎಕ್ಸ್‌ಪ್ಲೇನ್ ಜೊತೆ ಅದರ ಹೆಸರು ಹೊಡೀರಿ, ಪೂರ್ತಿ ವಂಶವೃಕ್ಷ ಕೊಡತ್ತೆ.

ಫ್ರೇಮ್‌ವರ್ಕ್ ವಿಷಯದಲ್ಲೂ ಇದೇ ಲೆಕ್ಕ. ಹೋಂಸ್ಟೇ ಸೈಟ್‌ಗೆ ಐದು ಪೇಜು, ನಾಲ್ಕು ಫೋಟೋ, ಒಂದು ವಾಟ್ಸಾಪ್ ಬಟನ್ ಬೇಕು ಅಷ್ಟೇ, ಅದಕ್ಕೆ ಸರ್ವರ್ ಮೇಲೆ ಓಡೋ ಫ್ರೇಮ್‌ವರ್ಕ್ ಹಾಕೋದು ಅಂದ್ರೆ ಮುಂದಿನ ಐದು ವರ್ಷ ಅದರ ಎಚ್ಚರಿಕೆ ಸುದ್ದಿಗಳನ್ನ ಓದ್ತಾ ಕೂರ್ತೀನಿ ಅಂತ ಗಿರಾಕಿಗೆ ಮಾತು ಕೊಟ್ಟಂಗೆ. ಆಸ್ಟ್ರೋ ಥರದ್ದು ಬಿಲ್ಡ್ ಹೊತ್ತಲ್ಲೇ ಸಾದಾ ಎಚ್‌ಟಿಎಂಎಲ್ ಮಾಡಿಕೊಡತ್ತೆ, ಕೈಯಲ್ಲಿ ಬರೆದ ಎಚ್‌ಟಿಎಂಎಲ್ ಆದ್ರೂ ನಾಚಿಕೆ ಏನಿಲ್ಲ. ಲಾಗಿನ್, ಆರ್ಡರ್, ಪೇಮೆಂಟ್ ಇರೋ ಸೈಟ್ ಆದ್ರೆ ಮಾತು ಬೇರೆ. ಹಳೇ ಯೂಟ್ಯೂಬ್ ಪಾಠ ನೋಡಿ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಶುರು ಮಾಡೋರು ಇನ್ನೂ ಇದಾರೆ, ಅದನ್ನ ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ನಿವೃತ್ತಿ ಮಾಡಿಸಿದೆ, ಹೊಸ ಪ್ರಾಜೆಕ್ಟ್‌ಗೆ ವೀಟ್ ತಗೊಳ್ಳಿ.

ಹೊಸ ಪ್ಯಾಕೇಜ್ ಬೇಕೇಬೇಕು ಅಂದಾಗ ಹೆಸರನ್ನ ಅಕ್ಷರ ಅಕ್ಷರ ನೋಡಿ. 2017ರಲ್ಲಿ ಕ್ರಾಸ್-ಎನ್ವ್ ಅನ್ನೋ ಹೆಸರಿನ ಮಧ್ಯದ ಗೆರೆ ಒಂದು ಬಿಟ್ಟು ಅದೇ ಹೆಸರಲ್ಲಿ ನಕಲಿ ಪ್ಯಾಕೇಜ್ ಹಾಕಿ, ಹಾಕಿಕೊಂಡೋರ ಎನ್ವಿರಾನ್‌ಮೆಂಟ್ ವೇರಿಯಬಲ್ ಕದೀತಿದ್ರು. ಈಗ ಎಐ ಬೇರೆ ಸೇರ್ಕೊಂಡಿದೆ, ಕೋಡ್ ಬರೆದುಕೊಡೋವಾಗ ಇಲ್ದೇ ಇರೋ ಪ್ಯಾಕೇಜ್ ಹೆಸರನ್ನ ಧೈರ್ಯವಾಗಿ ಹೇಳಿಬಿಡತ್ತೆ, ಅಂಥ ಹೆಸರುಗಳನ್ನ ಗಮನಿಸಿ ಅದೇ ಹೆಸರಲ್ಲಿ ಕಳ್ಳ ಪ್ಯಾಕೇಜ್ ಹಾಕಿ ಕಾಯ್ಕೊಂಡಿರಬಹುದು. ಕಮಾಂಡ್ ಟರ್ಮಿನಲ್‌ಗೆ ಅಂಟಿಸೋ ಮುಂಚೆ ಎನ್‌ಪಿಎಂ ಸೈಟಲ್ಲಿ ಆ ಹೆಸರು ಹಾಕಿ ನೋಡಿ, ಶುರುವಾಗಿ ಎಷ್ಟು ದಿನ ಆಯ್ತು, ವಾರಕ್ಕೆ ಎಷ್ಟು ಡೌನ್‌ಲೋಡ್, ಗಿಟ್‌ಹಬ್ ಲಿಂಕ್ ಒತ್ತಿದ್ರೆ ನಿಜವಾಗ್ಲೂ ಅದೇ ಪ್ರಾಜೆಕ್ಟ್ ಬರತ್ತಾ ಅಂತ. ಮೊನ್ನೆ ಮೊನ್ನೆ ಹುಟ್ಟಿದ್ದು, ಲಿಂಕ್ ಇಲ್ಲ ಅಂದ್ರೆ ಆ ಟ್ಯಾಬ್ ಮುಚ್ಚಿಬಿಡಿ.